ಸುಗ್ಗಿ ಹಬ್ಬಕ್ಕೆ ಬಂದ ಹೊಗೆಸೊಪ್ಪು

ನಮ್ಮ ಚರ್ಚಿನ ಸಭೆಯ ಸುಗ್ಗಿ ಹಬ್ಬದ ದಿನ ಬಲಿಪೀಠದ ಮುಂದೆ ರಾಶಿ ಬೀಳುವ ಕುಂಬಳಕಾಯಿಗಳಲ್ಲಿ ಮುಕ್ಕಾಲು ಪಾಲು ಹುಣಸೂರಿನ ತರಕಾರಿ ಮಾರ್ಕೆಟ್ಟಿನವು. ಹೀಗೆ ಬರೆದರೆ ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. ಮೂವತ್ತು ವರ್ಷ ನಾನೂ ಅಲ್ಲಿಂದಲೇ ತಂದವಳು. ಹಬ್ಬಕ್ಕೆ ಹದಿನೈದು ದಿನ ಇರುವಾಗ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಪ್ರಕಟಣೆ ಓದುತ್ತಾರೆ: ಪ್ರತಿಯೊಂದು ಕುಟುಂಬವೂ ತನ್ನ ಬೆಳೆಯ ಪ್ರಥಮ ಫಲವನ್ನು ಕರ್ತನ ಸನ್ನಿಧಿಗೆ ತರಬೇಕು. ನಾವೆಲ್ಲ ತಲೆಯಾಡಿಸುತ್ತೇವೆ. ಹಬ್ಬದ ಹಿಂದಿನ ದಿನ ಮಾರ್ಕೆಟ್ಟಿನಲ್ಲಿ ಒಬ್ಬರನ್ನೊಬ್ಬರು ಕಂಡೂ ಕಾಣದ ಹಾಗೆ ಕುಂಬಳಕಾಯಿ ತಟ್ಟಿ ನೋಡುತ್ತೇವೆ. ಆರಾಧನೆ ಮುಗಿದ ಮೇಲೆ ಅವನ್ನೆಲ್ಲ ಅಂಗಳದಲ್ಲಿ ಹರಾಜು ಕೂಗುತ್ತಾರೆ. ನನ್ನ ಕುಂಬಳಕಾಯಿ ನಿಮ್ಮ ಮನೆಗೆ ಹೋಗುತ್ತದೆ, ನಿಮ್ಮದು ನನ್ನ ಮನೆಗೆ ಬರುತ್ತದೆ.

ಯಾಕೆ ಹೀಗೆ ಅಂದರೆ, ನಮ್ಮ ಸಭೆಯಲ್ಲಿ ಜಮೀನಿರುವವರೆಲ್ಲ ಬೆಳೆಯುವುದು ಹೊಗೆಸೊಪ್ಪು. ಜಮೀನಿಲ್ಲದವರು ಅದನ್ನು ಬೆಳೆಯುವವರ ಹೊಲಕ್ಕೆ ಕೂಲಿಗೆ ಹೋಗುತ್ತಾರೆ. ನಮ್ಮ ಮನೆಯ ಹಿಂದೆಯೇ ಎರಡು ಬ್ಯಾರನ್ನುಗಳಿವೆ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಆ ಎತ್ತರದ ಮನೆಯೊಳಗೆ ನೇತುಹಾಕಿ, ಕೆಳಗೆ ಬೆಂಕಿ ಕೊಟ್ಟು ಬೇಯಿಸಿದರೆ ಅದು ಹಳದಿಯಾಗಿ ಹೊರಗೆ ಬರುತ್ತದೆ. ಹೀಗೆ ಒಂದು ಸಲ ಬೇಯಿಸಿ ಇಳಿಸಿದ ಸೊಪ್ಪಿಗೂ ನಾವು ಒಂದು ಬ್ಯಾರನ್ ಅಂತಲೇ ಅನ್ನುತ್ತೇವೆ. ಆಮೇಲೆ ಬಣ್ಣ ನೋಡಿ ವಿಂಗಡಿಸಿ, ಬೇಲು ಕಟ್ಟಿ ಹರಾಜಿಗೆ ಕಳಿಸುತ್ತೇವೆ. ಅಲ್ಲಿಂದ ಅದು ಸಿಗರೇಟಿಗೆ ಹೋಗುತ್ತದೆ. ಇಂಥದ್ದನ್ನು ದೇವರ ಮುಂದೆ ಇಡುವುದು ಹೇಗೆ? ಯಾರೂ ಬೇಡ ಅಂದವರಿಲ್ಲ, ಯಾರೂ ಇಟ್ಟವರೂ ಇಲ್ಲ. ಹಸಿ ಸೊಪ್ಪು ಕೊಯ್ಯುವ ದಿನಗಳಲ್ಲಿ ಕೈಗೆ ಕರ‍್ರಗೆ ಅಂಟು ಹಿಡಿಯುತ್ತದೆ. ಕರ್ತನ ಭೋಜನದ ಭಾನುವಾರ ನಾವು ಹೆಂಗಸರು ಬೆಳಿಗ್ಗೆ ಎದ್ದು ಹುಣಸೆಹಣ್ಣು ಹಾಕಿ ಅಂಗೈ ಉಜ್ಜುತ್ತಿದ್ದೆವು, ರೊಟ್ಟಿ ತೆಗೆದುಕೊಳ್ಳುವ ಕೈ ಬೆಳ್ಳಗಿರಲಿ ಅಂತ.

ನನ್ನ ವಿಷಯ ಹೇಳಬೇಕೆಂದರೆ, ನಾನು ಕಾಲಿಗೆ ಚಕ್ರ ಕಟ್ಟಿಕೊಂಡವಳು. ಒಂದು ಕಡೆ ಕೂತು ಗೊತ್ತಿಲ್ಲ. ಮಂಗಳವಾರ ಎಚ್.ಡಿ. ಕೋಟೆಯಲ್ಲಿ ಮನೆ ಪ್ರಾರ್ಥನೆ, ಬುಧವಾರ ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ರೋಗಿಗಳ ಭೇಟಿ, ಶುಕ್ರವಾರ ಉಪವಾಸ ಕೂಟ, ಶನಿವಾರ ವೀರನಹೊಸಹಳ್ಳಿ ಕಡೆ ಮಕ್ಕಳ ತರಗತಿ. ಇದರ ಮಧ್ಯೆ ಕೆ.ಆರ್. ನಗರದಲ್ಲಿ ಸ್ತ್ರೀಯರ ಕೂಟ ಅಂದರೆ ಅದಕ್ಕೂ ಸೈ. ಎಲ್ಲಿಗೆ ಹೋದರೂ ನನ್ನ ಪ್ರಾರ್ಥನೆಯ ಮೊದಲ ಸಾಲು ಒಂದೇ: “ಕರ್ತನೇ, ನನ್ನನ್ನು ಮುಂದಕ್ಕೆ ನಡೆಸು.” ನನ್ನ ಗಂಡನಿಗೆ ಇದು ತಮಾಷೆ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಅವರ ಬಾಯಿ ನಿಲ್ಲಲಿಲ್ಲ.

“ನಿನ್ನ ಮುಂದಕ್ಕೆ ನಡೆಸ್ತಿರೋದು ಬಸ್ ಡ್ರೈವರ್ರು ಕಣೆ,” ಎನ್ನುತ್ತಿದ್ದರು. “ದೇವರಿಗೆ ಪಾಪ ನಿನ್ನ ಹಿಂದೆ ಓಡಕ್ಕೆ ಆಯ್ತಾ ಇಲ್ಲ.”

ನಾನು ಮೂತಿ ತಿರುಗಿಸಿಕೊಂಡು ಬ್ಯಾಗು ಹೆಗಲಿಗೆ ಹಾಕುತ್ತಿದ್ದೆ. ಆದರೆ ಬಸ್ಸಿನಲ್ಲಿ ಕೂತಾಗ ಒಳಗೆ ಏನೋ ಕೊರೆಯುತ್ತಿತ್ತು. ಇಷ್ಟು ವರ್ಷ ಓಡಿದೆನಲ್ಲ, ಎಲ್ಲಿಗೆ ಮುಟ್ಟಿದೆ? ನನ್ನಜ್ಜನ ಕಾಲದ ನಂಬಿಕೆ ನನಗೆ ಮನೆಯ ಹಳೇ ಪಾತ್ರೆಯ ಹಾಗೆ ಕೈಗೆ ಬಂದಿತ್ತು, ನಾನಾಗಿ ಅದಕ್ಕೆ ಏನು ಸೇರಿಸಿದೆ? ಈ ಯೋಚನೆ ಬಂದರೆ ಮರುದಿನ ಇನ್ನೊಂದು ಕೂಟಕ್ಕೆ ಹೆಸರು ಕೊಡುತ್ತಿದ್ದೆ.

ನಾನು ದೊಡ್ಡವ್ವ ಅಂತ ಕರೆಯುವವರು ಸಿಕ್ಕಿದ್ದು ಅಂಥ ಒಂದು ಬುಧವಾರ, ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ. ಎಪ್ಪತ್ತು ದಾಟಿದ ಹೆಂಗಸು, ರಾವಂದೂರು ಕಡೆಯ ಹಳ್ಳಿಯವರು, ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದರು. ನಾನು ಬ್ರೆಡ್ಡು ಕೊಟ್ಟು, ಪ್ರಾರ್ಥನೆ ಮಾಡಲಾ ಅಂತ ಕೇಳಿದೆ.

“ಪ್ರಾರ್ಥ್ನೆ ಆಮೇಕೆ ಮಾಡೀವಂತೆ,” ಎಂದರು. “ಮೂರು ದಿನ ಆಯ್ತು ಕಣವ್ವ ತಲೆ ಬಾಚಿ. ವಸಿ ಬಾಚಿ ಗಂಟಾಕ್ತೀಯಾ?”

ನಾನು ಹಾಸಿಗೆಯ ಮೇಲೆ ಅವರ ಬೆನ್ನ ಹಿಂದೆ ಕೂತು, ಸಿಕ್ಕು ಬಿಡಿಸಿ, ಎಣ್ಣೆ ಹಚ್ಚಿ ತಲೆ ಬಾಚಿದೆ. ಮುಂದಿನ ಬುಧವಾರವೂ ಬಾಚಿದೆ. ಮೂರನೆಯ ಸಲ ಅವರೇ, “ಯಾವ ದೇವ್ರು ನಿನ್ನ ಹಿಂಗೆ ಊರೂರು ತಿರುಗ್ಸದು?” ಅಂತ ಕೇಳಿದರು. ಹೇಳಿದೆ. ಕೈ ನೆಟ್ಟಗಾದ ಮೇಲೆ ಒಂದು ಭಾನುವಾರ ತಾವಾಗಿಯೇ ಎರಡು ಬಸ್ಸು ಬದಲಾಯಿಸಿ ಹುಣಸೂರಿನ ಚರ್ಚಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಮಗ ಬೇಡ ಅನ್ನಲಿಲ್ಲವಂತೆ, ಹೂಂ ಅಂತಲೂ ಅನ್ನಲಿಲ್ಲವಂತೆ. ಆವತ್ತು ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮೂವತ್ತು ವರ್ಷಕ್ಕೆ ಒಬ್ಬರು! ಸ್ತ್ರೀಯರ ಕೂಟದಲ್ಲಿ ಈ ಮಾತನ್ನು ನಾನು ಎಷ್ಟು ಸಲ ಹೇಳಿಕೊಂಡೆನೋ, ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಸುಗ್ಗಿ ಹಬ್ಬದ ಪ್ರಕಟಣೆ ಬಂದ ದಿನ ಅವರು ಬಸ್ ಸ್ಟ್ಯಾಂಡಿನಲ್ಲಿ ನನ್ನ ಸೆರಗು ಹಿಡಿದು ನಿಲ್ಲಿಸಿದರು. ನನಗೆ ಕೆ.ಆರ್. ನಗರದ ಬಸ್ಸು ಹಿಡಿಯುವ ಆತುರ.

“ಅಯ್ಯನೋರು ಏನೋ ತನ್ನಿ ಅಂದ್ರಲ್ಲ, ಏನು ತರ್ಬೇಕು?”

“ನಿಮ್ಮ ಜಮೀನಲ್ಲಿ ಬೆಳೆದಿದ್ದು ದೊಡ್ಡವ್ವ. ಮೊದಲನೇ ಫಸಲು, ಚೆನ್ನಾಗಿರೋದು.”

“ಯಾವುದಾದ್ರೂ ಆಯ್ತದಾ?”

“ಆಯ್ತದೆ, ಆಯ್ತದೆ,” ಎಂದು ಹೇಳಿಕೊಂಡೇ ನಾನು ಬಸ್ಸು ಹತ್ತಿದೆ. ಕಿಟಕಿಯಿಂದ ನೋಡಿದರೆ ಅವರು ಬೆರಳು ಮಡಿಸಿಕೊಂಡು ಏನೋ ಲೆಕ್ಕ ಹಾಕುತ್ತಿದ್ದರು. ಅವರ ಮನೆಯಲ್ಲೂ ಹೊಗೆಸೊಪ್ಪೇ ಎಂಬುದು ನನಗೆ ಗೊತ್ತಿತ್ತು. ಮಾರ್ಕೆಟ್ಟಿನ ವಿಷಯ ಅವರಿಗೆ ಹೇಳಬೇಕು ಅಂತ ಮಾತ್ರ ಹೊಳೆಯಲಿಲ್ಲ. ನಮಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಹೊಸಬರಿಗೆ ಹೇಳಿಕೊಡಬೇಕಾದ ವಿಷಯ ಅಂತಲೇ ಅನ್ನಿಸಿರಲಿಲ್ಲ.

ಹಬ್ಬದ ದಿನ ನಾನು ಚರ್ಚಿನ ಬಾಗಿಲಲ್ಲಿ ನಿಂತು ತಂದವರನ್ನು ಸಾಲು ಮಾಡುತ್ತಿದ್ದೆ. ಕೆ.ಆರ್. ನಗರದಿಂದ ಅತಿಥಿಗಳು ಬಂದಿದ್ದರು, ಮುಂದಿನ ಬೆಂಚಿನಲ್ಲಿ ಕೂತಿದ್ದರು. ಆರಾಧನೆ ಶುರುವಾಗಲು ಐದು ನಿಮಿಷವಿತ್ತು. ದೊಡ್ಡವ್ವ ಹೊಸ ಸೀರೆ ಉಟ್ಟು, ಒಗೆದು ಮಡಿ ಮಾಡಿದ ಬಿಳೀ ಪಂಚೆಯಲ್ಲಿ ಸುತ್ತಿದ ಗಂಟೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಗಂಟು ಬಿಚ್ಚುವ ಮೊದಲೇ ನನ್ನ ಮೂಗಿಗೆ ಗೊತ್ತಾಯಿತು. ಒಳಗಿದ್ದದ್ದು ನಿಂಬೆಹಣ್ಣಿನ ಬಣ್ಣದ ಹೊಗೆಸೊಪ್ಪು, ಒಂದು ಮಚ್ಚೆಯಿಲ್ಲ, ಒಂದು ಹರಿದ ಎಲೆಯಿಲ್ಲ, ಬಾಳೆನಾರಿನಲ್ಲಿ ಕಟ್ಟಿದ ಸಣ್ಣ ಹೊರೆ.

“ಮೊದ್ಲನೇ ಬ್ಯಾರನ್ ಸೊಪ್ಪು,” ಎಂದರು, ಮುಖ ಅರಳಿಸಿಕೊಂಡು. “ಆರ್ಸಿ ಆರ್ಸಿ ಮಡಗಿದ್ದೆ.”

ಸಾಲಿನಲ್ಲಿದ್ದ ಇಬ್ಬರು ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ಕಿಸಕ್ಕನೆ ನಕ್ಕರು. ಆ ಇಬ್ಬರ ಮನೆಯಲ್ಲೂ ಬ್ಯಾರನ್ನಿದೆ! ನನಗೆ ಅವರ ಮೇಲೆ ಬರಬೇಕಾದ ಸಿಟ್ಟು ದೊಡ್ಡವ್ವನ ಮೇಲೆ ಬಂತು. ಇಷ್ಟು ಜನರ ಮುಂದೆ ನನ್ನ ಮಾನ ಕಳೆದರಲ್ಲ ಅನ್ನಿಸಿತು. ಗಂಟನ್ನು ಅವರ ಕೈಯಿಂದ ತೆಗೆದುಕೊಂಡು, ಪಕ್ಕದ ಕೋಣೆಗೆ ಹೋಗಿ, ಸುತ್ತಿಟ್ಟ ಜಮಖಾನಗಳ ಹಿಂದೆ ತಳ್ಳಿದೆ. ಅವರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ನಾನು ತಂದಿದ್ದ ಎರಡು ಕುಂಬಳಕಾಯಿಗಳಲ್ಲಿ ಒಂದನ್ನು ತಂದು ಅವರ ಕೈಗೆ ಕೊಟ್ಟೆ.

“ಇದನ್ನ ಇಟ್ಟುಬಿಡಿ ದೊಡ್ಡವ್ವ. ಎಲ್ಲಾ ಒಂದೇ.”

ಅವರು ಕುಂಬಳಕಾಯಿಯನ್ನು ಒಂದು ಸಲ ತಿರುಗಿಸಿ ನೋಡಿದರು. ಅದರ ಬೆನ್ನ ಮೇಲೆ ಅಂಗಡಿಯವನು ಸೀಮೆಸುಣ್ಣದಲ್ಲಿ ಬರೆದಿದ್ದ ತೂಕ ಇನ್ನೂ ಅಳಿಸಿರಲಿಲ್ಲ.

“ಇದು ನಾ ಬೆಳ್ದಿದ್ದಲ್ವಲ್ಲವ್ವ,” ಎಂದರು. ಆಮೇಲೆ ನನ್ನ ಮುಖ ನೋಡಿ, “ನೀ ಬೆಳ್ದಿದ್ದೂ ಅಲ್ಲ,” ಎಂದರು.

ಕುಂಬಳಕಾಯಿಯನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟು, ಕೋಣೆಯೊಳಗೆ ಹೋಗಿ, ತಮ್ಮ ಗಂಟು ತೆಗೆದುಕೊಂಡು, ಪಂಚೆಯ ಧೂಳು ಕೊಡವಿ, ಮೆಟ್ಟಿಲಿಳಿದು ಹೊರಟರು. ಒಳಗೆ ಕೀರ್ತನೆ ಶುರುವಾಯಿತು. ನಾನು ಅವರ ಹಿಂದೆ ಓಡಬೇಕಾಗಿತ್ತು. ಊರೂರು ಓಡುವವಳಿಗೆ ಆ ಹತ್ತು ಮೆಟ್ಟಿಲು ಇಳಿಯಲಾಗಲಿಲ್ಲ. ಎರಡೂ ಕುಂಬಳಕಾಯಿ ನಾನೇ ಹೊತ್ತುಕೊಂಡು ಹೋಗಿ ಪೀಠದ ಮುಂದೆ ಇಟ್ಟೆ.

ಮುಂದಿನ ಭಾನುವಾರ ಅವರು ಬರಲಿಲ್ಲ, ಅದರ ಮುಂದಿನ ಭಾನುವಾರವೂ ಇಲ್ಲ. ಆ ಎರಡನೆಯ ಭಾನುವಾರ ಸ್ತ್ರೀಯರ ಆರಾಧನೆ, ದೇವರ ವಾಕ್ಯ ಹಂಚಿಕೊಳ್ಳುವ ಸರದಿ ನನ್ನದು. ವಿಷಯ ಮೊದಲೇ ಕೊಟ್ಟಿದ್ದರು: ನಂಬಿಕೆಯಲ್ಲಿ ಮುಂದೆ ಸಾಗುವುದು. ನಾನು ಚೆನ್ನಾಗಿಯೇ ಮಾತಾಡಿದೆ. ಮಾತು ನನಗೆ ಯಾವತ್ತೂ ಕೈಕೊಟ್ಟಿಲ್ಲ. ಮಾತಾಡುತ್ತಿದ್ದಾಗ ಕಣ್ಣು ಮಾತ್ರ ಹಿಂದಿನ ಬೆಂಚಿಗೇ ಹೋಗುತ್ತಿತ್ತು. ಅವರು ಕೂರುತ್ತಿದ್ದ ಜಾಗದಲ್ಲಿ ಯಾರೋ ಛತ್ರಿ ಇಟ್ಟಿದ್ದರು. ಆರಾಧನೆ ಮುಗಿದ ಮೇಲೆ ಎಲ್ಲರೂ ಬಂದು ಕೈಹಿಡಿದು, “ತುಂಬಾ ಆಶೀರ್ವಾದವಾಯ್ತು” ಅಂದರು. ಥೂ, ನನ್ನ ಜನ್ಮಕ್ಕಿಷ್ಟು ಅನ್ನಿಸಿತು.

ಅಯ್ಯನವರ ಹತ್ತಿರ ಹೋಗಿ ಎಲ್ಲ ಹೇಳಿದೆ. ಚಿಕ್ಕ ವಯಸ್ಸಿನವರು, ಬಂದು ಎರಡು ವರ್ಷವಾಗಿಲ್ಲ. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

“ಅಮ್ಮಾ, ಈ ಚರ್ಚಿನ ಸುಣ್ಣಬಣ್ಣ, ನನ್ನ ಸಂಬಳ, ಎಲ್ಲಾ ಬರೋದು ಆ ಸೊಪ್ಪಿಂದಾನೆ,” ಎಂದರು. “ಕಾಣಿಕೆ ಚೀಲಕ್ಕೆ ಬೀಳುವಾಗ ನಮಗೆ ಅದರ ವಾಸನೆ ಬರಲ್ಲ, ಅಷ್ಟೆ. ನಾನೂ ಪ್ರಕಟಣೆ ಓದ್ತೀನಿ, ಕುಂಬಳಕಾಯಿ ನೋಡಿ ಸುಮ್ಮನಾಗ್ತೀನಿ.”

“ಹಾಗಾದ್ರೆ ಏನು ಮಾಡಬೇಕು ಅಯ್ಯನೋರೇ?”

“ನನಗೆ ಗೊತ್ತಿಲ್ಲಮ್ಮ. ನೀವು ಮೊದಲು ಅವರ ಮನೆಗೆ ಹೋಗಿ.”

ಮನೆಯಲ್ಲಿ ಆಗ ಸೊಪ್ಪು ವಿಂಗಡಿಸುವ ಕೆಲಸ ಜೋರು. ಕೂತರೆ ಕೈ ಕೆಲಸ ಮಾಡುತ್ತಿತ್ತು, ಮನಸ್ಸು ರಾವಂದೂರಿನ ದಾರಿಯಲ್ಲಿರುತ್ತಿತ್ತು. ಹಳದಿ ಎಲೆ ಕೈಗೆ ಬಂದಾಗಲೆಲ್ಲ ಆ ಪಂಚೆಯ ಗಂಟು ಕಣ್ಣಿಗೆ ಕಟ್ಟುತ್ತಿತ್ತು. ಮಂಗಳವಾರ ಎಚ್.ಡಿ. ಕೋಟೆಯ ಪ್ರಾರ್ಥನೆಗೆ ಹೋಗಲಿಲ್ಲ. ಗಂಡ ಹಣೆ ಮುಟ್ಟಿ ನೋಡಿ, “ಜ್ವರ ಏನೂ ಇಲ್ವಲ್ಲ, ಬಸ್ಸೇನಾದ್ರೂ ನಿಂತೋಯ್ತಾ?” ಅಂದರು. ಅದಕ್ಕೆ ನನಗೆ ಅಳು ಬಂತು. ಅವರು ಗಾಬರಿಯಾಗಿ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದರು. ಮದುವೆಯಾದ ಮೇಲೆ ಅವರು ಕಾಫಿ ಮಾಡಿದ್ದು ಅದೇ ಎರಡನೇ ಸಲವೋ ಮೂರನೇ ಸಲವೋ ಇರಬೇಕು.

ಗುರುವಾರ ಪಿರಿಯಾಪಟ್ಟಣದಲ್ಲಿ ಬಸ್ಸು ಬದಲಾಯಿಸಿ, ರಾವಂದೂರಿನಲ್ಲಿ ಇಳಿದು, ಆಟೋ ಹಿಡಿದು ಅವರ ಊರಿಗೆ ಹೋದೆ. ದೊಡ್ಡವ್ವ ಬ್ಯಾರನ್ನಿನ ಪಕ್ಕದ ಚಪ್ಪರದಲ್ಲಿ ಒಬ್ಬರೇ ಕೂತು ಸೊಪ್ಪು ಆರಿಸುತ್ತಿದ್ದರು. ಹಿಂದುಗಡೆ ಬೇಲುಗಳು ಸಾಲಾಗಿದ್ದವು. ನಾನು ಬೈಸಿಕೊಳ್ಳಲು ತಯಾರಾಗಿ ಹೋಗಿದ್ದೆ. ಅವರು ಮಂಕರಿ ಸರಿಸಿ ಜಾಗ ಮಾಡಿ, “ಕೂತ್ಕೊ,” ಎಂದರು. ಕೂತೆ. ಸುಮ್ಮನೆ ಕೂರಲಾಗದೆ ನಾನೂ ಎಲೆ ಆರಿಸತೊಡಗಿದೆ. ಹಳದಿ ಒಂದು ಕಡೆ, ಕೆಂಪು ಒಂದು ಕಡೆ, ಕಪ್ಪು ಬಿದ್ದದ್ದು ಒಂದು ಕಡೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು.

“ನಿನ್ಗೆ ಕೆಲ್ಸ ಗೊತ್ತಲ್ಲ!”

“ನಮ್ಮ ಮನೇಲೂ ಎರಡು ಬ್ಯಾರನ್ ಅವೆ ದೊಡ್ಡವ್ವ.”

ಇಷ್ಟು ತಿಂಗಳಲ್ಲಿ ನಾನು ಅವರಿಗೆ ಹೇಳಿರದ ವಿಷಯ ಅದು. ಅವರ ಕೈ ನಿಂತಿತು.

“ತಪ್ಪಾಯ್ತು ದೊಡ್ಡವ್ವ,” ಎಂದೆ. “ನಿಮ್ಮ ಗಂಟನ್ನ ನಾನು ಮುಚ್ಚಿಡಬಾರದಾಗಿತ್ತು.”

“ಅದ್ಕಲ್ಲ ಕಣವ್ವ ನನ್ಗೆ ಸಂಕ್ಟ ಆಗಿದ್ದು.” ಕಪ್ಪು ಬಿದ್ದ ಎಲೆಯೊಂದನ್ನು ಎತ್ತಿ ತೋರಿಸಿದರು. “ನಾವು ಮೊದ್ಲಿಂದ್ಲೂ ಬ್ಯಾರನ್ಗೆ ಬೆಂಕಿ ಕೊಡಕ್ಕೆ ಮುಂಚೆ ಕಾಯಿ ಒಡೀತಿದ್ದೋ. ನಮ್ಮತ್ತೆ ಒಡೀತಿದ್ರು, ಆಮೇಕೆ ನಾನು. ಈ ಸಲ ನಾ ಒಡೀಲಿಲ್ಲ. ಇನ್ಮೇಕೆ ನಿನ್ ದೇವ್ರಿಗೆ ಕೊಡವು ಅಂತ ಮೊದ್ಲನೇ ಸೊಪ್ಪ ಎತ್ತಿಟ್ಟೆ. ಮೂರ್ನೇ ಬ್ಯಾರನ್ನು ಪೂರಾ ಕರ‍್ರಗಾಗೋಯ್ತು. ಕಾಯಿ ಒಡೀದಿದ್ದಕ್ಕೇ ಹಿಂಗಾಯ್ತು ಅಂತ ಮನೇಲೆಲ್ಲ ಅಂದ್ರು. ನಾ ಬಾಯಿ ಬುಡ್ಲಿಲ್ಲ, ಗಂಟ ತಗಂಡೋಗಿ ಕೊಟ್ಬುಟ್ರೆ ಎಲ್ಲ ಸರಿಹೋಯ್ತದೆ ಅನ್ಕಂಡಿದ್ದೆ. ನೀನು ಅದ ಜಮಖಾನದ ಹಿಂದಕ್ಕೆ ಎಸ್ದೆ. ಈಗ ನಾ ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ.”

ಒಬ್ಬರನ್ನು ಕರೆತಂದೆ ಅಂತ ಊರೆಲ್ಲ ಹೇಳಿಕೊಂಡವಳು, ಅವರನ್ನು ಇದ್ದ ಕಡೆಯಿಂದ ಎಬ್ಬಿಸಿ ಬಾಗಿಲಲ್ಲಿ ನಿಲ್ಲಿಸಿ ಬಂದಿದ್ದೆ.

“ನಾಳಿಕ್ಕೆ ಬೇಲು ಹರಾಜ್ಗೆ ಓಯ್ತವೆ,” ಎಂದರು. “ನನ್ ಮಗ ಒಳ್ಗೆ ಕಾಯಿ ತಂದಿಟ್ಟವ್ನೆ, ಒಡೀ ಅಂತಾನೆ. ಒಡೀಲೋ ಬ್ಯಾಡ್ವೋ?”

ಈ ಪ್ರಶ್ನೆಗೆ ನನ್ನ ಬ್ಯಾಗಿನಲ್ಲಿ ಉತ್ತರ ಸಿದ್ಧವಾಗಿತ್ತು, ಎಷ್ಟೋ ಕೂಟಗಳಲ್ಲಿ ಕೊಟ್ಟಿದ್ದೇನೆ. ಬಾಯಿ ತೆರೆಯುವಷ್ಟರಲ್ಲಿ ಅವರೇ ಕೇಳಿದರು.

“ನಿಮ್ ಬ್ಯಾರನ್ಗೆ ಬೆಂಕಿ ಕೊಡುವಾಗ ನೀವು ಏನಂತ ಬೇಡ್ಕತೀರಿ?”

ಯೋಚಿಸಿದೆ. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುತ್ತೇವೆ. ಹೊಸ ಸೈಕಲ್ಲಿಗೆ, ಪರೀಕ್ಷೆಗೆ, ನೆಂಟರ ಆಪರೇಷನ್ನಿಗೆ, ಬೋರ್ವೆಲ್ಲಿಗೆ ಮಾಡಿದ್ದೇವೆ. ಬ್ಯಾರನ್ನಿಗೆ? ನನ್ನ ಗಂಡ ಸುಮ್ಮನೆ ಹೋಗಿ ಬೆಂಕಿ ಕೊಟ್ಟು ಬರುತ್ತಾರೆ. ಆ ಹೊತ್ತಿನಲ್ಲಿ ನಾನು ಯಾವುದೋ ಊರಿನ ಬಸ್ಸಿನಲ್ಲಿರುತ್ತೇನೆ.

“ಏನೂ ಬೇಡ್ಕೊಳ್ಳಲ್ಲ ದೊಡ್ಡವ್ವ.”

“ಯಾರ್ನೂವೇ?”

“ಯಾರನ್ನೂ ಇಲ್ಲ.”

“ಅಯ್ಯೋ ಸಿವ್ನೇ!” ಎಂದರು, ಕೈಯಲ್ಲಿದ್ದ ಎಲೆ ಕೆಳಗಿಟ್ಟು. “ವರ್ಸಾನುಗಟ್ಲೆ ಒಬ್ರೇ ಬೇಯಿಸ್ಕಂಡಿದ್ದೀರಲ್ಲವ್ವ!” ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಆಸ್ಪತ್ರೆಯ ಮಂಚದ ಮೇಲೆ ನಾನು ಅವರನ್ನು ನೋಡಿದ ಹಾಗೆ ಅವರು ನನ್ನನ್ನು ನೋಡುತ್ತಿದ್ದರು. ಆಮೇಲೆ, “ಈಗ ಬೇಡ್ಕೊ,” ಎಂದರು. “ನನ್ದಕ್ಕೂ ನಿನ್ದಕ್ಕೂ ಸೇರ್ಸಿ ಬೇಡ್ಕೊ.”

ಅವರ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದೆ. ಇಬ್ಬರ ಕೈಗೂ ಸೊಪ್ಪಿನ ಧೂಳು ಹತ್ತಿತ್ತು. “ಕರ್ತನೇ, ನನ್ನನ್ನು ಮುಂದಕ್ಕೆ...” ಅಂತ ಶುರುಮಾಡಿದವಳು ಅಲ್ಲೇ ನಿಂತೆ. ಮುಂದಿನ ಮಾತು ಬರಲಿಲ್ಲ. ಎಂದೂ ಹಾಗಾದವಳಲ್ಲ. ಎಷ್ಟೋ ಹೊತ್ತಾದ ಮೇಲೆ ಒಂದೊಂದೇ ಮಾತು ಬಂತು.

“ಕರ್ತನೇ, ಇದು ನಾವು ಬೆಳೆದದ್ದು. ಇದನ್ನು ನಿನಗೆ ತೋರಿಸದೆ ಬಚ್ಚಿಟ್ಟಿದ್ದೆ. ಇದನ್ನು ಬೆಳೆಯೋದು ಸರಿಯೋ ತಪ್ಪೋ, ಬಿಟ್ಟರೆ ಏನು ಬೆಳೆಯೋದೋ, ನನಗೆ ಗೊತ್ತಿಲ್ಲ. ಈ ತಾಯಿ ನಿನ್ನ ಬಾಗಿಲಿಗೆ ಬಂದಾಗ ನಾನು ಅಡ್ಡ ನಿಂತೆ. ಅವರನ್ನು ಕೈಬಿಡಬೇಡ.”

“ಆಮೆನ್ನು,” ಎಂದರು ದೊಡ್ಡವ್ವ, ದೊಡ್ಡ ದನಿಯಲ್ಲಿ. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಕಾಯಿ ಬೇಕಾದ್ರೆ ನನ್ ಮಗ ಒಡ್ಕಳ್ಳಿ, ಅದು ಅವನ ನಂಬ್ಕೆ,” ಎಂದರು. “ನಾ ಕೇಳ್ಕಳದ ಕೇಳ್ಕಂಡಾಯ್ತು.”

ಎದ್ದು ಒಳಗೆ ಹೋಗಿ ಆ ಬಿಳೀ ಪಂಚೆಯ ಗಂಟು ತಂದರು. ಹರಾಜಿನ ಬೇಲುಗಳಿಗೆ ಸೇರಿಸದೆ ಹಾಗೇ ಇಟ್ಟಿದ್ದರು. ನಾನು ಎರಡೂ ಕೈ ಚಾಚಿದೆ. “ಕೊಡಿ ದೊಡ್ಡವ್ವ, ಈ ಭಾನುವಾರ ನಾನೇ ತಗೊಂಡು ಹೋಗಿ ಪೀಠದ ಮುಂದೆ ಇಡ್ತೀನಿ.”

ಅವರು ಗಂಟನ್ನು ಹಿಂದಕ್ಕೆ ಎಳೆದುಕೊಂಡರು.

“ನನ್ದ ನೀ ಯಾಕೆ ಹೊತ್ಕಂಡೋದಿಯೆ? ಭಾನ್ವಾರ ನಾನೇ ತತ್ತೀನಿ. ನೀ ನಿನ್ದ ತಾ.”

ಶನಿವಾರ ನಾನು ವೀರನಹೊಸಹಳ್ಳಿಯ ತರಗತಿಗೆ ಹೋಗಲಿಲ್ಲ. ಬರುವುದಿಲ್ಲ ಅಂತ ಫೋನು ಮಾಡಿ ಹೇಳಿ, ಚಪ್ಪರದಲ್ಲಿ ಕೂತು ನಮ್ಮ ಸೊಪ್ಪಿನ ರಾಶಿ ಬಿಚ್ಚಿದೆ. ಬೀರುವಿನಿಂದ ಗಂಡನ ಒಗೆದ ಪಂಚೆ ತಂದು ಹಾಸಿಕೊಂಡಿದ್ದೆ. ನಾಳೆ ಬಾಗಿಲಲ್ಲಿ ಯಾರು ನಗುತ್ತಾರೆ, ಯಾರು ಎದ್ದು ಹೋಗುತ್ತಾರೆ, ಅಯ್ಯನವರು ಏನನ್ನುತ್ತಾರೆ, ಒಂದೂ ಗೊತ್ತಿರಲಿಲ್ಲ. ಮುಂದೆ ಹೋಗುತ್ತಿದ್ದೇನೋ ಹಿಂದೆ ಹೋಗುತ್ತಿದ್ದೇನೋ ಅದೂ ಗೊತ್ತಾಗುತ್ತಿರಲಿಲ್ಲ. ಗಂಡ ಬಂದು ಬಾಗಿಲಿಗೆ ಒರಗಿ ನಿಂತು, ಪಂಚೆ ನೋಡಿದರು, ಸೊಪ್ಪು ನೋಡಿದರು.

“ಯಾರಿಗೆ ಇದು?”

“ನಾಳೆ ಚರ್ಚಿಗೆ,” ಎಂದೆ. “ಬೇಕಾದ್ರೆ ನಗಿ.”

ಅವರು ನಗಲಿಲ್ಲ. ಬಂದು ನನ್ನ ಎದುರು ಕುಕ್ಕರುಗಾಲಿನಲ್ಲಿ ಕೂತರು. ನಾನು ಪಂಚೆಯ ಮೇಲೆ ಇಟ್ಟಿದ್ದ ಎಲೆಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿ, ಎರಡನ್ನು ತೆಗೆದು ಪಕ್ಕಕ್ಕೆ ಹಾಕಿದರು.

“ಇವೆರಡು ಬೇಡ, ಅಂಚು ಹರಿದದೆ,” ಎಂದರು. “ತಾಳು, ಅಟ್ಟದ ಮೇಲೆ ಮೊದಲನೇ ಬ್ಯಾರನ್ನಿಂದು ಒಂದಿಷ್ಟು ಐತೆ. ಅದ್ರಲ್ಲಿ ಆರ್ಸೋಣ.”